ಮೆರವಣಿಗೆಯ ಹೆಜ್ಜೆ ಹಿಡಿದ ಫಂಕ್

ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಮೆರವಣಿಗೆಗಳಲ್ಲಿ ಮುಂದಿನ ಸಾಲು ಬ್ರಾಸ್ ಬ್ಯಾಂಡಿನವರದು, ಅದನ್ನು ಕರೆಸಿದ ಸಂಘದವರದು. ಅವರ ಹಿಂದೆ ಕೊಡೆ ತಿರುಗಿಸುತ್ತ, ಕರವಸ್ತ್ರ ಬೀಸುತ್ತ ಕುಣಿದು ಬರುವ ಊರ ಜನವೇ ‘ಸೆಕೆಂಡ್ ಲೈನ್’. ಈ ಕುಣಿತದ ಲಯವನ್ನು ಫಂಕ್ ಸಂಗೀತಕ್ಕೆ ತಂದ ತಂಡ ‘ದಿ ಮೀಟರ್ಸ್’. 1974ರಲ್ಲಿ ರಿಪ್ರೈಸ್ ಕಂಪನಿ ಹೊರತಂದ ‘ರಿಜುವಿನೇಷನ್’ ಅವರ ಅತ್ಯುತ್ತಮ ಆಲ್ಬಂ ಎಂಬುದು ನನ್ನ ಖಚಿತ ಅಭಿಪ್ರಾಯ.

ಕೀಬೋರ್ಡ್ ಮತ್ತು ಗಾಯನ ಆರ್ಟ್ ನೆವಿಲ್, ಗಿಟಾರ್ ಲಿಯೋ ನೊಸೆಂಟೆಲ್ಲಿ, ಬೇಸ್ ಜಾರ್ಜ್ ಪೋರ್ಟರ್ ಜೂನಿಯರ್, ಡ್ರಮ್ಸ್ ಜೋಸೆಫ್ ‘ಜಿಗಬೂ’ ಮೊಡೆಲಿಸ್ಟ್. ಈ ನಾಲ್ವರನ್ನು ನಿರ್ಮಾಪಕ ಅಲೆನ್ ಟೂಸಾಂಟ್ ತಮ್ಮ ಸ್ಟುಡಿಯೋದ ಕಾಯಂ ವಾದ್ಯವೃಂದ ಮಾಡಿಕೊಂಡಿದ್ದರು. ಗಾಯಕ ಡಾ. ಜಾನ್ ಅವರ 1973ರ ‘ಇನ್ ದ ರೈಟ್ ಪ್ಲೇಸ್’ ಆಲ್ಬಂಗೂ ನುಡಿಸಿದವರು ಇವರೇ. 1969ರ ‘ಸಿಸ್ಸಿ ಸ್ಟ್ರಟ್’ನಂಥ ಆರಂಭದ ರಚನೆಗಳಲ್ಲಿ ಸಾಹಿತ್ಯವೇ ಇರಲಿಲ್ಲ. ‘ರಿಜುವಿನೇಷನ್’ ಹೊತ್ತಿಗೆ ಹಾಡು ಬಂತು, ತುತ್ತೂರಿ ವಾದ್ಯಗಳೂ ಸೇರಿದವು. ಆದರೂ ವಾದ್ಯಗಳ ನಡುವಿನ ಬಿಡುವನ್ನು ಅವರು ಕಳೆದುಕೊಳ್ಳಲಿಲ್ಲ.

‘ಹೇ ಪಾಕಿ ಅ-ವೇ’ ಹಾಡನ್ನೇ ನೋಡಿ. ಬೀದಿಯ ಬ್ಯಾಂಡಿನಲ್ಲಿ ಬೇಸ್ ಡ್ರಮ್ ಒಬ್ಬರ ಪಾಲು, ಸ್ನೇರ್ ಡ್ರಮ್ ಇನ್ನೊಬ್ಬರ ಪಾಲು. ಆ ಇಬ್ಬರ ಕೆಲಸವನ್ನೂ ಮೊಡೆಲಿಸ್ಟ್ ಒಬ್ಬರೇ ತಮ್ಮ ಕೈಕಾಲುಗಳಿಗೆ ಹಂಚಿಕೊಡುತ್ತಾರೆ. ಪೆಟ್ಟು ಎಣಿಕೆಯ ಮೇಲೆ ನೇರ ಬೀಳದೆ ತುಸು ಆಚೀಚೆ ಬೀಳುತ್ತದೆ. ಬಿಟ್ಟ ಜಾಗವನ್ನು ಕೇಳುಗರ ಪಾದ ತಾನಾಗಿ ತುಂಬುತ್ತದೆ. ಹಾಡಿನ ಪಲ್ಲವಿಗೆ ಮೂಲ ‘ಮಾರ್ಡಿ ಗ್ರಾ ಇಂಡಿಯನ್ಸ್’ ಕೂಗುಗಳು. ಮಾರ್ಡಿ ಗ್ರಾ ಹಬ್ಬದಂದು ಮಣಿ, ಗರಿಗಳ ವೇಷ ತೊಟ್ಟು ಬೀದಿಗಿಳಿಯುವ ಆಫ್ರಿಕನ್ ಅಮೆರಿಕನ್ ತಂಡಗಳಿವು.

‘ಇಟ್ ಏಂಟ್ ನೋ ಯೂಸ್’ 11 ನಿಮಿಷ ಮೀರಿದ ಹಾಡು. ಮುರಿದ ಪ್ರೀತಿಯ ಅಳಲಾಗಿ ಶುರುವಾಗುವ ಅದು, ಸಾಹಿತ್ಯ ಮುಗಿದ ಮೇಲೆ ನಾಲ್ವರ ಮನೋಧರ್ಮಕ್ಕೆ ಬಿಟ್ಟ ಬಯಲು. ಒಬ್ಬರು ಹಿಂದೆ ಸರಿದಾಗಲೇ ಇನ್ನೊಬ್ಬರು ಮುಂದೆ ಬರುತ್ತಾರೆ. ವರ್ಷಗಟ್ಟಲೆ ಒಟ್ಟಿಗೆ ನುಡಿಸಿದವರಿಗೆ ಮಾತ್ರ ಸಿದ್ಧಿಸುವ ಸಂಯಮವಿದು.

ಪ್ರತಿಭೆಗೆ ತಕ್ಕ ಮಾರಾಟವನ್ನು ಮೀಟರ್ಸ್ ಕಾಣಲೇ ಇಲ್ಲ. 1970ರ ದಶಕ ಮುಗಿಯುವ ಮುನ್ನವೇ ತಂಡ ಒಡೆಯಿತು. ಅವರ ತಾಳಗಳು ಮಾತ್ರ ಹಿಪ್‌ಹಾಪ್ ಕಲಾವಿದರ ಕೈಸೇರಿ ಹೊಸ ಹಾಡುಗಳಾದವು. ಇದೇ ಆಲ್ಬಂನ ‘ಆಫ್ರಿಕಾ’ವನ್ನು ರಾಕ್ ತಂಡ ರೆಡ್ ಹಾಟ್ ಚಿಲಿ ಪೆಪ್ಪರ್ಸ್ 1985ರಲ್ಲಿ ‘ಹಾಲಿವುಡ್’ ಎಂದು ಹಾಡಿತು. 2018ರಲ್ಲಿ ಮೀಟರ್ಸ್‌ಗೆ ಗ್ರ್ಯಾಮಿ ಜೀವಮಾನ ಸಾಧನೆ ಪ್ರಶಸ್ತಿಯೂ ಬಂತು.

ಮೊದಲ ಸಲ ಕೇಳುವವರಿಗೊಂದು ಕೋರಿಕೆ: ಮೊಬೈಲಿನ ಪುಟ್ಟ ಸ್ಪೀಕರ್ ಬೇಡ. ಅದರಲ್ಲಿ ಪೋರ್ಟರ್ ಅವರ ಬೇಸ್ ಮಾಯವಾಗುತ್ತದೆ. ಆ ಬೇಸ್ ಇಲ್ಲದಿದ್ದರೆ ನೀವು ಕೇಳುವುದು ಅರ್ಧ ಆಲ್ಬಂ ಅಷ್ಟೆ.