ಮುಂದಿನ ಪ್ರೊಪೆಲ್ಲರ್ ಶಾಫ್ಟ್: ಬಲಕ್ಕಿಂತ ಕೋನ ಮುಖ್ಯ

ಜೀಪ್ ಗ್ರ್ಯಾಂಡ್ ಚೆರೊಕಿಯ ಎರಡನೇ ಪೀಳಿಗೆಯ ಗಾಡಿಗಳು 1999ರಿಂದ 2004ರವರೆಗಿನ ಮಾದರಿಗಳಾಗಿ ಮಾರುಕಟ್ಟೆಯಲ್ಲಿದ್ದವು. ಅಮೆರಿಕದ ಡೆಟ್ರಾಯಿಟ್‌ನಲ್ಲೂ ಆಸ್ಟ್ರಿಯಾದ ಗ್ರಾಜ್‌ನಲ್ಲೂ ತಯಾರಾದ ಈ ಗಾಡಿಗಳನ್ನು ಮೆಕ್ಯಾನಿಕ್‌ಗಳು 'ಡಬ್ಲ್ಯು.ಜೆ.' ಎಂದೇ ಗುರುತಿಸುತ್ತಾರೆ. ಇವುಗಳಲ್ಲಿ ಬಹಳಷ್ಟಕ್ಕೆ ಕ್ವಾಡ್ರಾ-ಟ್ರ್ಯಾಕ್ 2 ಎಂಬ ವ್ಯವಸ್ಥೆ ಇದೆ. ಮಾಮೂಲಿ ರಸ್ತೆಯಲ್ಲಿ ಎಂಜಿನ್ನಿನ ಬಲ ಹಿಂದಿನ ಚಕ್ರಗಳಿಗೆ ಹೋಗುತ್ತದೆ. ಅವು ಜಾರಿ, ಮುಂದಿನ ಚಕ್ರಗಳಿಗಿಂತ ವೇಗವಾಗಿ ತಿರುಗತೊಡಗಿದಾಗ ಟ್ರಾನ್ಸ್‌ಫರ್ ಕೇಸ್‌ನೊಳಗಿನ ಕ್ಲಚ್ ಬಿಗಿದು ಮುಂದಕ್ಕೂ ಪಾಲು ಕೊಡುತ್ತದೆ. ಆದರೆ ಬಲ ಹೋಗದಿದ್ದಾಗಲೂ, ಟ್ರಾನ್ಸ್‌ಫರ್ ಕೇಸ್‌ನಿಂದ ಮುಂದಿನ ಆಕ್ಸಲ್‌ಗೆ ಆ ಪಾಲನ್ನು ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ಗೆ ಬಿಡುವಿಲ್ಲ. ಚಕ್ರಗಳ ಜೊತೆಗಿನ ಅದರ ನಂಟು ಎಂದೂ ಕಡಿಯುವುದಿಲ್ಲ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಅದು ನಿಮಿಷಕ್ಕೆ ಸುಮಾರು 2,600 ಸುತ್ತು ಹಾಕುತ್ತದೆ. ಹಳೆಯ ಗಾಡಿಯಲ್ಲಿ ಮೊದಲು ಸೋಲುವ ಭಾಗಗಳಲ್ಲಿ ಇದೂ ಒಂದಾಗಲು ಈ ನಿರಂತರ ತಿರುಗಾಟವೇ ದೊಡ್ಡ ಕಾರಣ.

ಸೋಲುವುದು ಶಾಫ್ಟ್‌ನ ಉಕ್ಕಿನ ಕೊಳವೆಯಲ್ಲ, ಅದರ ಕೀಲು. ಕಾರ್ಖಾನೆಯಿಂದ ಬಂದ ಶಾಫ್ಟ್‌ನಲ್ಲಿರುವುದು ಆಲ್ಫ್ರೆಡ್ ರ್ಜೆಪ್ಪಾ 1920ರ ದಶಕದಲ್ಲಿ ರೂಪಿಸಿದ ಬಗೆಯ ಸಿ.ವಿ. ಜಾಯಿಂಟ್. ಒಳಬಳೆ, ಹೊರಬಳೆ, ನಡುವಿನ ತೋಡುಗಳಲ್ಲಿ ಓಡುವ ಆರು ಉಕ್ಕಿನ ಗುಂಡುಗಳು, ಅವನ್ನು ಹಿಡಿದಿಡುವ ಪಂಜರ, ಸುತ್ತ ಗ್ರೀಸ್ ತುಂಬಿದ ರಬ್ಬರ್ ಬೂಟು. ಶಾಫ್ಟ್ ಓರೆಯಾದರೂ ಗುಂಡುಗಳು ಯಾವಾಗಲೂ ಎರಡು ಅಕ್ಷಗಳ ನಡುವಿನ ಕೋನವನ್ನು ಸರಿಯಾಗಿ ಅರ್ಧಿಸುವ ಸಮತಲದಲ್ಲೇ ನಿಲ್ಲುತ್ತವೆ. ಹಾಗಾಗಿ ಒಳಗೆ ಹೋದ ವೇಗವೇ ಏರಿಳಿತವಿಲ್ಲದೆ ಹೊರಗೆ ಬರುತ್ತದೆ. ಇದು ಬಹಳ ಒಳ್ಳೆಯ ವಿನ್ಯಾಸ. ಅದರ ದೌರ್ಬಲ್ಯವೆಲ್ಲ ಆ ರಬ್ಬರ್ ಬೂಟಿನಲ್ಲಿದೆ. ವರ್ಷಗಳ ಬಿಸಿಗೆ ರಬ್ಬರ್ ಗಟ್ಟಿಯಾಗಿ ಮಡಿಕೆಯಲ್ಲಿ ಸೀಳುತ್ತದೆ. ಗಾಡಿಯಡಿಗೆ ಇಣುಕಿದರೆ ಕೀಲಿನ ನೇರಕ್ಕೆ ತಳದ ತಗಡಿನ ಮೇಲೆ ಸಿಡಿದ ಕಪ್ಪು ಗ್ರೀಸಿನ ಪಟ್ಟಿ ಕಾಣುತ್ತದೆ. ಆಮೇಲೆ ಉಳಿದ ಗ್ರೀಸಿಗೆ ಮಣ್ಣು, ನೀರು ಸೇರುತ್ತವೆ; ಗುಂಡುಗಳು ಓಡುವ ಹಾದಿಯಲ್ಲಿ ಗುಳಿ ಬೀಳುತ್ತದೆ; ಗುರ್ರೆನ್ನುವ ಸದ್ದು, ನಡುಕ ಶುರುವಾಗುತ್ತವೆ. ಆ ಹಂತವನ್ನೂ ಅಲಕ್ಷಿಸಿದರೆ ಕೀಲು ಹೆದ್ದಾರಿಯ ವೇಗದಲ್ಲೇ ಒಡೆಯಬಹುದು. ಒಂದು ತುದಿ ಬಿಡಿಸಿಕೊಂಡ ಶಾಫ್ಟ್ ತಳವನ್ನು ಬಡಿಯುತ್ತಾ ಹೋದರೆ ಗೇರ್‌ಬಾಕ್ಸ್‌ನ ಕವಚವೂ ಉಳಿಯುವ ಖಾತ್ರಿಯಿಲ್ಲ.

ಸಸ್ಪೆನ್ಶನ್ ಎತ್ತರಿಸಿದ ಗಾಡಿಯಲ್ಲಿ ಈ ಸವೆತ ಇನ್ನೂ ಬೇಗ. ಶಾಫ್ಟ್ ಒಂದು ಮೀಟರ್ ಉದ್ದವಿದೆ ಎಂದುಕೊಂಡರೆ, 50 ಮಿ.ಮೀ. ಎತ್ತರಿಸಿದಾಗ ಅದರ ಓರೆ ಸುಮಾರು 3 ಡಿಗ್ರಿ ಹೆಚ್ಚುತ್ತದೆ. ಅಷ್ಟೂ ಓರೆಯನ್ನು ಬೂಟು ಪ್ರತಿ ಸುತ್ತಿನಲ್ಲೂ ಹಿಗ್ಗಿ ಕುಗ್ಗಿ ತಾಳಿಕೊಳ್ಳಬೇಕು. ಹೀಗಾಗಿಯೇ ಹಲವರು ಡಬಲ್ ಕಾರ್ಡನ್ ಶಾಫ್ಟ್‌ಗೆ ಬದಲಾಯಿಸುತ್ತಾರೆ.

ಲಾರಿಗಳ ಅಡಿಯಲ್ಲಿ, ಮಲೆನಾಡಿನ ತೋಟಗಳಲ್ಲಿ ಓಡುವ ಹಳೆಯ ಜೀಪುಗಳ ಅಡಿಯಲ್ಲಿ ಕಾಣುವ ಯೂನಿವರ್ಸಲ್ ಜಾಯಿಂಟ್, ಗ್ಯಾರೇಜಿನವರು 'ಕ್ರಾಸ್' ಎನ್ನುವ ಭಾಗ, ಡಬಲ್ ಕಾರ್ಡನ್ನಿನ ಮೂಲ. ಈ ಕೀಲು ಗಟ್ಟಿ, ಅಗ್ಗ, ಬೂಟಿನ ಹಂಗಿಲ್ಲದ್ದು. ಆದರೆ ಓರೆಯಾದಾಗ ಅದು ವೇಗವನ್ನು ಸಮನಾಗಿ ದಾಟಿಸುವುದಿಲ್ಲ. ಒಳಗಿನ ಶಾಫ್ಟ್ ಒಂದೇ ಸಮ ತಿರುಗುತ್ತಿದ್ದರೂ ಹೊರಗಿನದು ಒಂದು ಸುತ್ತಿನಲ್ಲಿ ಎರಡು ಸಲ ಮುಂದೋಡಿ ಎರಡು ಸಲ ಹಿಂದೆ ಬೀಳುತ್ತದೆ. ಓರೆ 10 ಡಿಗ್ರಿ ಇದ್ದರೆ ಈ ಏರಿಳಿತ ಸರಾಸರಿಯ ಆಚೀಚೆ ಶೇ. 1.5ರಷ್ಟು, 20 ಡಿಗ್ರಿಯಾದರೆ ಶೇ. 6ಕ್ಕೂ ಮಿಕ್ಕಿ. ಕೋನ ಇಮ್ಮಡಿಯಾದರೆ ನಡುಕ ನಾಲ್ಮಡಿ. ನಿಮಿಷಕ್ಕೆ 2,600 ಸುತ್ತಿನಲ್ಲಿ ಇದು ಸೆಕೆಂಡಿಗೆ 87 ಬಡಿತಗಳಾಗಿ ಸೀಟಿಗೂ ಸ್ಟಿಯರಿಂಗಿಗೂ ತಲುಪುತ್ತದೆ.

ಡಬಲ್ ಕಾರ್ಡನ್ನಿನಲ್ಲಿ ಇಂಥ ಎರಡು ಕ್ರಾಸ್‌ಗಳು ಟ್ರಾನ್ಸ್‌ಫರ್ ಕೇಸ್‌ನ ತುದಿಯಲ್ಲೇ ಒತ್ತೊತ್ತಾಗಿ ಕೂರುತ್ತವೆ. ನಡುವಿನ ಗುಂಡು-ಬಟ್ಟಲಿನ ಜೋಡಣೆ ಒಟ್ಟು ಕೋನವನ್ನು ಎರಡಕ್ಕೂ ಸಮನಾಗಿ ಹಂಚುತ್ತದೆ. ಮೊದಲನೆಯದು ಹುಟ್ಟಿಸಿದ ಏರಿಳಿತವನ್ನು ಎರಡನೆಯದು ತೊಡೆದುಹಾಕುತ್ತದೆ. ಶಾಫ್ಟ್‌ನ ಇನ್ನೊಂದು ತುದಿಯಲ್ಲಿ, ಆಕ್ಸಲ್‌ನ ಪಿನಿಯನ್ ಬಳಿ, ಒಂದೇ ಕ್ರಾಸ್ ಇರುತ್ತದೆ. ಅದರ ಏರಿಳಿತ ತೊಡೆಯಲು ಜೊತೆಗಾರ ಕ್ರಾಸ್ ಇಲ್ಲ. ಆದ್ದರಿಂದ ಆ ತುದಿಯಲ್ಲಿ ಕೋನವೇ ಇರಕೂಡದು. ಪಿನಿಯನ್ ಶಾಫ್ಟ್‌ನ ಗೆರೆಯಲ್ಲೇ ನೇರ ಮೇಲಕ್ಕೆ ನೋಡಬೇಕು, ಹೆಚ್ಚೆಂದರೆ ಒಂದು ಡಿಗ್ರಿಯ ವ್ಯತ್ಯಾಸ.

ಈ ಬದಲಾವಣೆಯ ನಿಜವಾದ ಕಷ್ಟ ಇರುವುದು ಇಲ್ಲಿಯೇ. ಪಿನಿಯನ್ನಿನ ಮೂತಿ ಎತ್ತಬೇಕೆಂದರೆ ಕಂಟ್ರೋಲ್ ಆರ್ಮ್‌ಗಳ ಉದ್ದ ಬದಲಿಸಿ ಇಡೀ ಆಕ್ಸಲನ್ನೇ ತಿರುಗಿಸಬೇಕು. ಮುಂದಿನ ಚಕ್ರಗಳನ್ನು ಹಿಡಿದ ಗೆಣ್ಣುಗಳು ಅದೇ ಆಕ್ಸಲ್‌ನ ತುದಿಗಳಲ್ಲಿವೆ. ಪಿನಿಯನ್ ಎಷ್ಟು ಡಿಗ್ರಿ ಎದ್ದಿತೋ ಕ್ಯಾಸ್ಟರ್ ಕೋನ, ಅಂದರೆ ಗೆಣ್ಣು ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ, ಅಷ್ಟೇ ಇಳಿಯುತ್ತದೆ. ಕ್ಯಾಸ್ಟರ್ ಇಳಿದರೆ ತಿರುವಿನ ನಂತರ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರುವುದು ಮಂದವಾಗುತ್ತದೆ, ನೇರ ರಸ್ತೆಯಲ್ಲೂ ಗಾಡಿ ಅತ್ತಿತ್ತ ಅಲೆಯುತ್ತದೆ. ಎರಡರ ನಡುವೆ ರಾಜಿ ಅನಿವಾರ್ಯವಾದರೆ ಕ್ಯಾಸ್ಟರ್‌ಗೇ ಮನ್ನಣೆ ಕೊಡಬೇಕು: ಶಾಫ್ಟ್‌ನ ಸಣ್ಣ ನಡುಕ ಕಿರಿಕಿರಿ ಮಾತ್ರ, ಹಿಡಿತವಿಲ್ಲದ ಸ್ಟಿಯರಿಂಗ್ ಅಪಾಯ.

ಜೋಡಣೆಯ ಕೆಲಸ ಇದಕ್ಕಿಂತ ಸುಲಭ. ಹೊಸ ಶಾಫ್ಟ್‌ಗೆ ಹೊಂದುವ ಫ್ಲಾಂಜ್ ಅಥವಾ ಯೋಕ್ ಎರಡೂ ತುದಿಗೆ ಬೇಕು. ಉದ್ದದ ಅಳತೆಯನ್ನು ಗಾಡಿಯ ಭಾರ ಪೂರ್ತಿ ಚಕ್ರಗಳ ಮೇಲಿರುವಾಗಲೇ ತೆಗೆಯಬೇಕು. ಜ್ಯಾಕ್ ಹಾಕಿ ಚಕ್ರ ಇಳಿಬಿಟ್ಟಾಗ ತೆಗೆದ ಅಳತೆ ತಪ್ಪಾಗುತ್ತದೆ. ಚಕ್ರ ಕುಣಿದಾಗ ಶಾಫ್ಟ್ ಉದ್ದವಾಗುತ್ತದೆ, ಗಿಡ್ಡವಾಗುತ್ತದೆ. ಅದರ ಜಾರುಭಾಗಕ್ಕೆ ಎರಡೂ ಕಡೆ ಸರಿದಾಡುವ ಜಾಗ ಉಳಿದಿರಬೇಕು. ಬ್ಯಾಲೆನ್ಸ್ ಮಾಡದ ಶಾಫ್ಟ್ ಕೂರಿಸಲೇಬಾರದು.

ಮೂಲ ಎತ್ತರದಲ್ಲೇ ಇರುವ ಗಾಡಿಗೆ ಇಷ್ಟೆಲ್ಲ ಬೇಕಿಲ್ಲ. ಅದೇ ಬಗೆಯ ಹೊಸ ಸಿ.ವಿ. ಜಾಯಿಂಟ್ ಸಾಕು, ಹೆದ್ದಾರಿಯಲ್ಲಿ ಅದರ ನಯವೇ ಹೆಚ್ಚು. ಎತ್ತರಿಸಿದ ಗಾಡಿಗೆ ಡಬಲ್ ಕಾರ್ಡನ್ನೇ ಸರಿ. ಆದರೆ ಗ್ರೀಸ್ ನಿಪ್ಪಲ್ ಇರುವ ಕ್ರಾಸ್‌ಗಳನ್ನೇ ಹಾಕಿಸಿ, ಪ್ರತಿ ಸಲ ಎಂಜಿನ್ ಆಯಿಲ್ ಬದಲಿಸುವಾಗ ಅವಕ್ಕೂ ಗ್ರೀಸ್ ಹೊಡೆಸಬೇಕು.