ಅಳಿಯಸಂತಾನ: ಕಟ್ಟಿನಿಂದ ಕಾಯಿದೆಗೆ

ಕಾನೂನು ಎಲ್ಲಿ ಹುಟ್ಟುತ್ತದೆ ಎಂದು ಕೇಳಿದರೆ, ಶಾಸನಸಭೆಯಲ್ಲಿ ಎಂದು ನಮ್ಮಲ್ಲಿ ಬಹುಮಂದಿ ಹೇಳಿಬಿಡುವರು. ಈ ಉತ್ತರವು ಸುಳ್ಳಲ್ಲ. ಆದರೆ ಪೂರ್ಣವೂ ಅಲ್ಲ. ಜನರು ತಲೆತಲಾಂತರದಿಂದ ನಡೆಸಿಕೊಂಡು ಬಂದ ರೂಢಿ, ನ್ಯಾಯಾಧೀಶರು ಕೊಟ್ಟ ತೀರ್ಪು, ಶಾಸನಸಭೆ ಮಾಡಿದ ಕಾಯಿದೆ ಎಂದು ಕಾನೂನಿಗೆ ಮೂಲಗಳು ಮೂರು. ಈ ಮೂರೂ ಒಂದೇ ಮನೆಯಲ್ಲಿ ಹೇಗೆ ಕೂಡಿಬಂದುವೆಂಬುದನ್ನು ಉಡುಪಿ, ಕಾಪು, ಕಾರ್ಕಳಗಳ ಕಡೆಯ ಅಳಿಯಸಂತಾನ ಪದ್ಧತಿಯಲ್ಲಿ ಸ್ಪಷ್ಟವಾಗಿ ಕಾಣಬಹುದು.

ತುಳುನಾಡಿನ ಬಂಟರು, ಬಿಲ್ಲವರು ಮೊದಲಾದವರಲ್ಲಿ ಆಸ್ತಿಯು ತಾಯಿಯ ಕಡೆಯಿಂದ ಇಳಿದು ಬರುತ್ತಿದ್ದಿತು. ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ತಂದೆಯ ಕುಟುಂಬದ ಭೂಮಿಯಲ್ಲಿ ಅವರಿಗೆ ಹಕ್ಕಿರಲಿಲ್ಲ. ಭೂತಾಳ ಪಾಂಡ್ಯನೆಂಬ ಅರಸನು ಈ ಕಟ್ಟನ್ನು ವಿಧಿಸಿದನೆಂದು ಐತಿಹ್ಯ. ಐತಿಹ್ಯವು ಹೇಗಾದರೂ ಇರಲಿ. ಜನರು ಆ ಕಟ್ಟನ್ನು ಬಹುಕಾಲದಿಂದ ಎಡೆಬಿಡದೆ ಪಾಲಿಸಿಕೊಂಡು ಬಂದಿರುವರೆ ಎಂಬುದನ್ನೇ ನ್ಯಾಯಾಲಯವು ನೋಡತಕ್ಕದ್ದು.

ಹಾಗಾದರೆ ಕುಟುಂಬದಲ್ಲೊಬ್ಬನು ತನ್ನ ಪಾಲನ್ನು ಬೇರೆ ಮಾಡಿಕೊಡಿರೆಂದು ಕೇಳಬಹುದೆ? ಈ ಸೀಮೆಯು ಆಗ ಮದರಾಸಿಗೆ ಸೇರಿದ್ದಿತು. ಎಲ್ಲರ ಒಪ್ಪಿಗೆಯಿಲ್ಲದೆ ಒಬ್ಬನ ಕೇಳಿಕೆಯಿಂದ ಪಾಲಾಗದೆಂದು ಮದರಾಸಿನ ಹೈಕೋರ್ಟು 1863ರಲ್ಲಿ ತೀರ್ಮಾನಿಸಿತು. ರೂಢಿಯು ಹೀಗೆ ತೀರ್ಪಿನಲ್ಲಿ ನೆಲೆಗೊಂಡು ಕೆಳಗಿನ ನ್ಯಾಯಾಲಯಗಳಿಗೆ ಕಟ್ಟಳೆಯಾಯಿತು. ಮನೆಯು ಒಡೆಯದೆ ಉಳಿಯಿತು, ನಿಜ. ಆದರೆ ಪರಊರಿನಲ್ಲಿ ದುಡಿಯುತ್ತಿದ್ದ ಗಂಡಸು ಕುಟುಂಬದ ಭೂಮಿಯಲ್ಲಿ ತನ್ನ ಹೆಂಡತಿ ಮಕ್ಕಳಿಗೆ ಏನನ್ನೂ ಬಿಟ್ಟುಹೋಗುವಂತಿರಲಿಲ್ಲ.

ಇದನ್ನು ಬದಲಿಸುವುದು ಶಾಸನಸಭೆಯ ಕೆಲಸವಾಯಿತು. 1949ರ ಮದರಾಸು ಅಳಿಯಸಂತಾನ ಕಾಯಿದೆಯು ಕವರುಗಳಿಗೆ, ಎಂದರೆ ಕುಟುಂಬದ ಶಾಖೆಗಳಿಗೆ, ಪಾಲು ಕೇಳುವ ಹಕ್ಕನ್ನು ಕೊಟ್ಟಿತು. 1956ರ ಜೂನ್ 17ರಂದು ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ಕಾಯಿದೆಯು ಇನ್ನೂ ಮುಂದೆ ಹೋಯಿತು. ಎಂಟು ಮಂದಿಯ ಅವಿಭಕ್ತ ಕುಟುಂಬವೊಂದನ್ನು ಊಹಿಸಿಕೊಳ್ಳೋಣ. ಅವರಲ್ಲಿ ಒಬ್ಬನು ಉಯಿಲು ಬರೆಯದೆ ತೀರಿಕೊಂಡರೆ, ಅವನು ಸಾಯುವ ಮುನ್ನ ತಲೆಗೊಂದರಂತೆ ಪಾಲಾಗಿದ್ದಿತೆಂದು ಭಾವಿಸಿ ಎಂಟರಲ್ಲೊಂದು ಪಾಲನ್ನು ಅವನದೆಂದು ಎಣಿಸುವರು. ಅವನ ತಾಯಿ, ಹೆಂಡತಿ, ಒಬ್ಬ ಮಗ, ಒಬ್ಬ ಮಗಳು ಬದುಕಿದ್ದರೆ ಆ ಪಾಲು ಈ ನಾಲ್ವರಿಗೆ ಸಮನಾಗಿ ಸಲ್ಲುವುದು. ಅವನ ಅಕ್ಕತಂಗಿಯರ ಮಕ್ಕಳಿಗೆ ಅದರಲ್ಲಿ ಭಾಗವಿಲ್ಲ. ಆದುದರಿಂದ ಇಂತಹ ವ್ಯಾಜ್ಯದಲ್ಲಿ ಮೊದಲು ವಿಚಾರಿಸತಕ್ಕ ಸಂಗತಿಯೆಂದರೆ ಮರಣದ ದಿನ: ಅದು ಆ ಜೂನಿಗೆ ಹಿಂದಿನದೋ, ಮುಂದಿನದೋ?

ಇನ್ನು ವ್ಯಾಜ್ಯವು ನಡೆಯುವ ಬಗೆ. ಭೂಮಿಯ ದಾವೆಯನ್ನು ಭೂಮಿಯಿರುವ ಸೀಮೆಯ ನ್ಯಾಯಾಲಯದಲ್ಲಿಯೇ ಹೂಡಬೇಕು. ವಾದಿಯು ಮಣಿಪಾಲದಲ್ಲಿ ಮನೆಮಾಡಿಕೊಂಡಿದ್ದರೂ, ಭೂಮಿಯು ಕಾರ್ಕಳದಲ್ಲಿದ್ದರೆ ಕಾರ್ಕಳದ ಸೀಮೆಯ ನ್ಯಾಯಾಲಯಕ್ಕೇ ಹೋಗತಕ್ಕದ್ದು. ಮೊದಲನೆಯ ಅಪೀಲಿನಲ್ಲಿ ಸಂಗತಿಯನ್ನೂ ಕಾನೂನನ್ನೂ ಮತ್ತೆ ವಿಮರ್ಶಿಸುವರು. ಎರಡನೆಯ ಅಪೀಲಾದರೋ ಹೈಕೋರ್ಟಿಗೆ. ಅಲ್ಲಿ ಕಾನೂನಿನ ಗಣನೀಯ ಪ್ರಶ್ನೆಯೊಂದು ಇದ್ದರೆ ಮಾತ್ರ ವಿಚಾರಣೆ. ಆದುದರಿಂದ ವಂಶಾವಳಿ, ಮರಣದ ದಾಖಲೆ, ಹಳೆಯ ಪಾಲುಪತ್ರ ಇವೆಲ್ಲವನ್ನೂ ಮೊದಲ ನ್ಯಾಯಾಲಯದಲ್ಲಿಯೇ ಮುಂದಿಡಬೇಕು. ಮೇಲಿನ ನ್ಯಾಯಾಲಯದಲ್ಲಿ ನೋಡಿಕೊಳ್ಳೋಣವೆಂದು ಸುಮ್ಮನಿದ್ದವನಿಗೆ, ಹಕ್ಕು ನಿಜವಾಗಿದ್ದರೂ, ಅದನ್ನು ರುಜುಪಡಿಸುವ ಸಮಯವು ಕಳೆದುಹೋಗಿರಬಹುದು.