ಹಗ್ಗವೋ, ಹಾವೋ?

ಕತ್ತಲೆಯಲ್ಲಿ ಕಾಲಿಗೆ ತಣ್ಣಗೆ ಏನಾದರೂ ತಾಕಿದರೆ ಹಾವೆಂದು ಬೆದರಿ ಹಿಂದೆ ಸರಿಯುವುದು ಮನುಷ್ಯಸಹಜ. ದೀಪ ತಂದು ನೋಡಿ ಹಗ್ಗವೆಂದು ತಿಳಿದಾಗ ನಾವೇ ನಗುತ್ತೇವೆ. ಆದರೆ ಕತ್ತಲೆಯಲ್ಲಿ ತಾಕುವುದೆಲ್ಲವೂ ಹಗ್ಗವೇ ಎಂದು ನಂಬಿ ನಡೆಯುವವನೂ ಜಾಣನಲ್ಲ. ವಿಜ್ಞಾನವು ನಮ್ಮ ಮನೆಯನ್ನೂ ಹೊಲವನ್ನೂ ದಾಟಿ ಮೈಯೊಳಗೇ ಪ್ರವೇಶಿಸಿರುವ ಈ ಕಾಲದಲ್ಲಿ ಹಗ್ಗ–ಹಾವುಗಳ ಹಳೆಯ ದೃಷ್ಟಾಂತಕ್ಕೆ ಹೊಸ ಅರ್ಥ ಬಂದಿದೆ. 2025ನೆಯ ಇಸವಿಯಲ್ಲಿ ಹಾಸನ ಜಿಲ್ಲೆ ಅದನ್ನು ಕಣ್ಣಾರೆ ಕಂಡಿತು.

ನಲವತ್ತು ದಿನಗಳ ದಿಗಿಲು

ಆ ವರ್ಷದ ಮೇ ಮತ್ತು ಜೂನ್ ತಿಂಗಳುಗಳ ಸುಮಾರು ನಲವತ್ತು ದಿನಗಳಲ್ಲಿ ಜಿಲ್ಲೆಯ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಮಡಿದರೆಂದು ಪತ್ರಿಕೆಗಳು ಬರೆದುವು. ಅವರಲ್ಲಿ ಅನೇಕರು ಎಳೆಯ ವಯಸ್ಸಿನವರು. ಹಾಸನದ ಪೇಟೆಯಿಂದ ಹೊಳೆನರಸೀಪುರದ ಹೊಳೆಯ ದಡದವರೆಗೆ, ಅರಕಲಗೂಡಿನ ಹೊಗೆಸೊಪ್ಪಿನ ಹೊಲಗಳಿಂದ ಚನ್ನರಾಯಪಟ್ಟಣದ ತೆಂಗಿನ ತೋಟಗಳವರೆಗೆ ಜನರ ಬಾಯಲ್ಲಿ ಅದೊಂದೇ ಮಾತು. ಎದೆಯಲ್ಲಿ ಕೊಂಚ ಉರಿ ಕಾಣಿಸಿಕೊಂಡವರೂ ಗಾಬರಿಗೊಂಡರು. ಮೈಸೂರು, ಬೆಂಗಳೂರುಗಳ ಜಯದೇವ ಹೃದ್ರೋಗ ಸಂಸ್ಥೆಗಳ ಮುಂದೆ ಜನ ಸಾಲುಗಟ್ಟಿ ನಿಂತರು.

ಕಾರಣವೇನು? ಬಹುಜನರ ಸಂಶಯ ಕೊರೋನಾ ಲಸಿಕೆಯತ್ತ ತಿರುಗಿತು. ಅದು ನಮ್ಮ ರಕ್ತವನ್ನು ಕೆಡಿಸಿದೆ ಎಂದರು ಕೆಲವರು. ನಮ್ಮ ವಂಶವಾಹಿಗಳನ್ನೇ ತಿದ್ದಿದೆ ಎಂದರು ಮತ್ತೆ ಕೆಲವರು. ಲಸಿಕೆಗೆ ತರಾತುರಿಯಲ್ಲಿ ಅನುಮತಿ ಕೊಟ್ಟದ್ದೂ ಒಂದು ಕಾರಣವಾಗಿರಬಹುದೆಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಜುಲೈ 1ರಂದು ಬರೆದರು. ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ. ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿಯನ್ನೂ ನೇಮಿಸಿದರು. ಲಸಿಕೆಗೂ ಈ ಸಾವುಗಳಿಗೂ ನಂಟಿಲ್ಲವೆಂದು ಕೇಂದ್ರದ ಆರೋಗ್ಯ ಸಚಿವಾಲಯ ಮರುದಿನವೇ ಸಾರಿತು.

ಭಯದ ಬೇರು

ಜನರ ಭಯವನ್ನು ಕೇವಲ ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಕೋವಿಶೀಲ್ಡ್ ಲಸಿಕೆಯ ಮೂಲ ತಯಾರಕರಾದ ಆಸ್ಟ್ರಾಜೆನೆಕಾ ಸಂಸ್ಥೆಯವರು, ತೀರ ಅಪರೂಪವಾಗಿ ಅದರಿಂದ ರಕ್ತ ಹೆಪ್ಪುಗಟ್ಟಬಹುದೆಂದು ಬ್ರಿಟನ್ನಿನ ನ್ಯಾಯಾಲಯದ ಮುಂದೆ ಒಪ್ಪಿಕೊಂಡ ಸುದ್ದಿ 2024ರಲ್ಲಿ ಬಂದಿತ್ತು. ಆದರೆ ಆ ತೊಂದರೆ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಲಸಿಕೆ ಪಡೆದ ಕೆಲವೇ ವಾರಗಳಲ್ಲಿ, ವರ್ಷಗಳ ಮೇಲಲ್ಲ.

ಇನ್ನು ವಂಶವಾಹಿಯ ಮಾತು. ನಮ್ಮ ದೇಶದಲ್ಲಿ ಹೆಚ್ಚಾಗಿ ಬಳಕೆಯಾದ ಲಸಿಕೆಗಳು ಎರಡು. ಕೋವ್ಯಾಕ್ಸಿನ್ ಎಂಬುದು ಸತ್ತ ವೈರಾಣುವಿನಿಂದ ಮಾಡಿದ್ದು. ಕೋವಿಶೀಲ್ಡಿನಲ್ಲಿ ಮಾತ್ರ ಬೇರೊಂದು ನಿರಪಾಯ ವೈರಾಣುವು ಕೊರೋನಾದ ಒಂದು ವಂಶವಾಹಿಯನ್ನು ಹೊತ್ತು ಬರುತ್ತದೆ. ಅಂಚೆಯವನು ತಂದ ಕಾಗದದಂತೆ ಅದು. ಜೀವಕೋಶ ಅದನ್ನು ಓದಿಕೊಂಡು ಶತ್ರುವಿನ ಗುರುತು ಹಿಡಿಯಲು ಮೈಗೆ ಕಲಿಸುತ್ತದೆ. ಬಳಿಕ ಕಾಗದ ನಾಶವಾಗುತ್ತದೆ. ನಮ್ಮ ವಂಶದ ಹೊತ್ತಗೆಯಲ್ಲಿ ಅದು ಹೊಸ ಪುಟವಾಗಿ ಸೇರುವುದಿಲ್ಲ, ಮಕ್ಕಳಿಗೆ ದಾಟುವುದೂ ಇಲ್ಲ.

ಆ ಹೊತ್ತಗೆಯನ್ನೇ ತಿದ್ದಿದ ಪ್ರಸಂಗವೂ ಉಂಟು. ಚೀನಾದ ಹೆ ಜಿಯಾನ್‌ಕುಯಿ ಎಂಬ ವಿಜ್ಞಾನಿ, ಭ್ರೂಣದಲ್ಲಿಯೇ ವಂಶವಾಹಿಯನ್ನು ತಿದ್ದಿ ಅವಳಿ ಹೆಣ್ಣುಮಕ್ಕಳ ಜನನಕ್ಕೆ ಕಾರಣನಾದೆನೆಂದು 2018ರಲ್ಲಿ ಪ್ರಕಟಿಸಿದನು. ಜಗತ್ತೇ ಖಂಡಿಸಿತು, ಮರುವರ್ಷ ಅವನಿಗೆ ಮೂರು ವರ್ಷಗಳ ಸೆರೆವಾಸವಾಯಿತು. ಮಕ್ಕಳು ಮೊಮ್ಮಕ್ಕಳಿಗೆ ದಾಟುವಂಥ ತಿದ್ದುಪಡಿಯನ್ನು ಭಾರತದ 2019ರ ಮಾರ್ಗಸೂಚಿಯೂ ನಿಷೇಧಿಸಿದೆ. ಅಂಜಬೇಕಾದುದು ಇಂಥ ಗುಟ್ಟಿನ ಸಾಹಸಕ್ಕೆ.

ಲೆಕ್ಕದ ದೀಪ

ತಜ್ಞರ ಸಮಿತಿ ಹಾಸನದ 24 ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿತು. ಅವುಗಳಲ್ಲಿ ನಾಲ್ಕಕ್ಕೆ ಹೃದಯ ಕಾರಣವೇ ಆಗಿರಲಿಲ್ಲ. ಉಳಿದ ಇಪ್ಪತ್ತರಲ್ಲಿ ಹತ್ತು ನಿಶ್ಚಿತವಾಗಿ ಹೃದಯಸಂಬಂಧಿ. ಇನ್ನು ಹತ್ತು ಹಾಗಿರಬಹುದಾದುವು. ಹತ್ತರ ವಿಷಯದಲ್ಲಿ ಖಚಿತವಾಗಿ ಹೇಳಲಾಗದೆ ಹೋದದ್ದನ್ನು ವಾಚಕರು ಗಮನಿಸಬೇಕು. ಮನೆಯಲ್ಲಿ ಸತ್ತವರ ಶವಪರೀಕ್ಷೆಗೆ ನಾವು ಒಪ್ಪುವುದು ಅಪರೂಪ. ದುಃಖದಲ್ಲಿ ಅದು ಸಹಜವೇ. ಆದರೆ ಸಾವಿನ ಕಾರಣವೂ ಅಲ್ಲಿಗೇ ಮಣ್ಣಾಗುತ್ತದೆ, ವದಂತಿ ಮಾತ್ರ ಉಳಿಯುತ್ತದೆ.

ಜಯದೇವ ಸಂಸ್ಥೆಗೆ ಸೇರಿದ್ದ 251 ಹೃದ್ರೋಗಿಗಳನ್ನೂ ಸಮಿತಿ ವಿಚಾರಿಸಿತು. ಅವರಲ್ಲಿ ಧೂಮಪಾನಿಗಳು 111, ರಕ್ತದೊತ್ತಡವಿದ್ದವರು 102, ಮಧುಮೇಹಿಗಳು 87. ಲಸಿಕೆ ಪಡೆದಿದ್ದವರು 249! ಈ ಕೊನೆಯ ಸಂಖ್ಯೆಯನ್ನು ಕಂಡು ಬೆಚ್ಚಬೇಕಾಗಿಲ್ಲ. ಊರಿಗೆ ಊರೇ ಲಸಿಕೆ ಪಡೆದಿರುವಾಗ ಆಸ್ಪತ್ರೆಯಲ್ಲಿ ಮಲಗಿದವರೂ ಲಸಿಕೆ ಪಡೆದವರೇ, ಮನೆಯಲ್ಲಿ ಸುಖವಾಗಿರುವವರೂ ಪಡೆದವರೇ. ಇಬ್ಬರನ್ನೂ ಹೋಲಿಸಿ ನೋಡಿದರೆ ಮಾತ್ರ ನಿಜ ತಿಳಿಯುವುದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಅಂಥ ಹೋಲಿಕೆಯನ್ನೇ ಮಾಡಿತ್ತು. 18ರಿಂದ 45 ವರ್ಷದೊಳಗಿನ 729 ಮಂದಿಯ ಹಠಾತ್ ಸಾವುಗಳನ್ನು, ಬದುಕಿರುವ 2,916 ಮಂದಿಯ ಸಂಗತಿಗಳೊಡನೆ ಇಟ್ಟು ತೂಗಿತು. ಲಸಿಕೆ ಅಪಾಯವನ್ನು ಹೆಚ್ಚಿಸಿರಲಿಲ್ಲ. ಎರಡು ಸಲ ಪಡೆದವರಲ್ಲಿ ಅದು ಕಡಿಮೆಯೇ ಇತ್ತು. ಅಪಾಯವನ್ನು ಹೆಚ್ಚಿಸಿದ್ದು ಮನೆತನದಲ್ಲಿ ಇಂಥ ಸಾವಿನ ಚರಿತ್ರೆ, ಕೊರೋನಾದಿಂದ ಆಸ್ಪತ್ರೆ ಸೇರಿದ್ದುದು, ಮಿತಿಮೀರಿದ ಕುಡಿತ, ಮೈಮೀರಿದ ಶ್ರಮ. ಹಾಸನದಲ್ಲಿ ಜನ ಕಂಡದ್ದು ಹಗ್ಗ. ನಿಜವಾದ ಹಾವು ಬೀಡಿಯ ಕಟ್ಟಿನಲ್ಲಿ, ತೋರಿಸಿಕೊಳ್ಳದ ರಕ್ತದೊತ್ತಡದಲ್ಲಿ ಅಡಗಿತ್ತು.

ಹಾವೇ ಆಗಿದ್ದಾಗ

ಎಲ್ಲ ಸಂಶಯವೂ ಹೀಗೆ ಹಗ್ಗವಾಗುವುದಿಲ್ಲ. ಕಾಸರಗೋಡಿನ ಗೇರುತೋಪುಗಳ ಮೇಲೆ 2000ದವರೆಗೆ, ಎರಡು ದಶಕಗಳಿಗೂ ಮಿಕ್ಕಿ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಿದರು. ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮದಲ್ಲಿ ಮಕ್ಕಳು ಅಂಗವೈಕಲ್ಯದಿಂದ ನರಳಿದಾಗ, ಅಪಾಯವಿಲ್ಲವೆಂದೇ ಹೇಳಿದವರುಂಟು. ಅಲ್ಲಿಯ ವೈದ್ಯ ಡಾ. ವೈ. ಎಸ್. ಮೋಹನ ಕುಮಾರರು ಮನೆಮನೆಯ ರೋಗಗಳನ್ನು ಲೆಕ್ಕವಿಟ್ಟರು. ಪತ್ರಕರ್ತ ಶ್ರೀ ಪಡ್ರೆಯವರು ಬರೆದರು. ಕೊನೆಗೆ 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೆಲ್ಲ ತಡೆಯಿತು. ಅಲ್ಲಿ ಭಯ ನಿಜವಾಗಿತ್ತು. ಅದನ್ನು ನಿಜವೆಂದು ತೋರಿಸಿದ್ದೂ ಲೆಕ್ಕವೇ.

ಆದುದರಿಂದ ಭಯಪಟ್ಟವರನ್ನು ಗದರಿಸುವುದೂ ತಪ್ಪು, ಭಯವನ್ನೇ ಪ್ರಮಾಣವೆಂದು ಹಿಡಿಯುವುದೂ ತಪ್ಪು. ಆಸ್ಪತ್ರೆಯ ಹೊರಗೆ ಸಂಭವಿಸುವ ಹಠಾತ್ ಸಾವುಗಳನ್ನು ವರದಿ ಮಾಡಿ ಶವಪರೀಕ್ಷೆ ನಡೆಸಬೇಕೆಂದು ರಾಜ್ಯ ಸರಕಾರ 2025ರ ಜುಲೈನಲ್ಲಿ ಪ್ರಕಟಿಸಿತು. ಅದು ಕಾಗದದಲ್ಲಿಯೇ ಉಳಿಯದಂತೆ ಕೇಳುವ ಹಕ್ಕು ನಮ್ಮದು. ಮನೆಯ ಯಜಮಾನನ ರಕ್ತದೊತ್ತಡವನ್ನೂ ಗೃಹಿಣಿಯ ಸಕ್ಕರೆಯ ಅಂಶವನ್ನೂ ವರ್ಷಕ್ಕೊಮ್ಮೆಯಾದರೂ ಅಳೆಸಿಕೊಳ್ಳುವ ಹೊಣೆಯೂ ನಮ್ಮದೇ. ಕತ್ತಲೆಯನ್ನು ಬೈದು ಫಲವಿಲ್ಲ. ದೀಪ ಹಚ್ಚಿ ನೋಡೋಣ. ಹಗ್ಗವಾದರೆ ಸುತ್ತಿ ಮೂಲೆಗಿಡೋಣ. ಹಾವಾದರೆ ಊರವರನ್ನೆಲ್ಲ ಕೂಗೋಣ.